ಕೊಲೆಗಾರ ಸಿಗದ ಸಂಪಾದಕ

ಸಾಗರದಲ್ಲಿ ಪತ್ತೇದಾರಿ ಮಾಸಪತ್ರಿಕೆ ಶುರು ಮಾಡಿದ ಉಮಾಪತಿಯವರನ್ನು ನೀವು ತೀರ್ಥಹಳ್ಳಿ ಬಸ್ಸಿನಲ್ಲಿ ನೋಡಿಯೇ ಇರುತ್ತೀರಿ: ಹೆಗಲಲ್ಲಿ ಖಾಕಿ ಚೀಲ, ಕಂಕುಳಲ್ಲಿ ಹಿಡಿ ಮುರಿದ ಕೊಡೆ, ಬಾಯಲ್ಲಿ ಅರ್ಧಕ್ಕೇ ನಿಲ್ಲಿಸಿದ ಒಂದು ಕೊಲೆಯ ಕಥೆ. ಉಳಿದರ್ಧ ಬೇಕಾದವರು ವರ್ಷಕ್ಕೆ ಮೂರು ರೂಪಾಯಿ ಚಂದಾ ಕಟ್ಟಬೇಕು. ಆ ಚಂದಾ ಕಾಗದಕ್ಕೇ ಸಾಲದು. ಅಚ್ಚಿನ ಖರ್ಚಿಗೆ ಜಾಹೀರಾತೇ ಗತಿ. ಜಾಹೀರಾತು ಕೊಡುವವರದ್ದೋ ಒಂದೇ ಷರತ್ತು. "ಕೊಡ್ತೀನಿ ಮಾರಾಯ್ರೆ, ಆದ್ರೆ ಕೊಲೆ ಮಾಡಿದವ ಮಂಡಿ ಸಾಹುಕಾರ ಆಗ್ಬಾರ್ದು," ಎಂದರು ಅಡಿಕೆ ಮಂಡಿಯವರು. ಬಸ್ಸಿನ ಮಾಲೀಕರು ಡ್ರೈವರನನ್ನು ಬಿಡಿಸಿಕೊಂಡರು, ಹೋಟೆಲಿನವರು ಅಡುಗೆಭಟ್ಟನನ್ನು, ಔಷಧಿ ಅಂಗಡಿಯವರು ವಿಷದ ಬಾಟಲಿಯನ್ನೇ. ಉಮಾಪತಿ ಎಲ್ಲರಿಗೂ "ಆಗ್ಲಿ" ಎಂದರು. ಪತ್ರಿಕೆ ಒಂದು ತಿಂಗಳೂ ತಪ್ಪಲಿಲ್ಲ. ಹೀಗೆ ಊರಿನ ಕಸುಬುಗಳೆಲ್ಲ ನಿರಪರಾಧಿಗಳಾಗಿ ಮುಗಿದ ಮೇಲೆ, ಈ ತಿಂಗಳ ಸಂಚಿಕೆಯಲ್ಲಿ ಪೊಲೀಸರು ಹಿಡಿದ ಕೊಲೆಗಾರ ಒಬ್ಬ ಪತ್ರಿಕಾ ಸಂಪಾದಕ. ಹೆಗಲಲ್ಲಿ ಖಾಕಿ ಚೀಲ, ಕಂಕುಳಲ್ಲಿ ಹಿಡಿ ಮುರಿದ ಕೊಡೆ. "ಇದೆಂತದು ಅಯ್ಯ, ನಿಮ್ಮನ್ನ ನೀವೇ ನೇಣಿಗೆ ಹಾಕ್ಕಂಡ್ರಾ?" ಎಂದು ಕಂಡಕ್ಟರ್ ಪುಟ್ಟಪ್ಪ ಗಾಬರಿಯಿಂದ ಕೇಳಿದ. ಉಮಾಪತಿ ರಸೀದಿ ಪುಸ್ತಕ ತೆಗೆದರು. "ನೀನು ಚಂದಾ ಕಟ್ಟು ಮಾರಾಯ, ಮುಂದಿನ ತಿಂಗಳೂ ನೇಣಿಗೆ ನಾನೇ ಹೋಗ್ತೀನಿ."