ಬೀಳುವ ಕೆಲಸ

ಬಟ್ಟೆ ಗಿರಣಿಯ ಫುಟ್‌ಬಾಲ್ ತಂಡದಲ್ಲಿ ಅವನು ಗೋಲ್‌ಕೀಪರ್. ಅಷ್ಟುದ್ದದ ಮಾತನ್ನು ಪೂರ್ತಿ ಆಡುವ ವ್ಯವಧಾನ ಯಾರಿಗೂ ಇರಲಿಲ್ಲವಾಗಿ ಅದು ಸವೆದು ಸವೆದು ‘ಗೋಲಿ’ ಎಂದಾಗಿತ್ತು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆಳಿಗೆ ಗೋಲಿ ಎಂಬ ಹೆಸರೇ ಒಂದು ತಮಾಷೆ. ಆದರೆ ಚೆಂಡಿನ ಮುಂದೆ ನಿಂತಾಗ ಅವನನ್ನು ನೋಡಿ ಯಾರೂ ನಕ್ಕವರಲ್ಲ. ಆ ಉದ್ದ ಕೈಗಳನ್ನು ದಾಟಿ ಬಲೆ ಸೇರಿದ ಚೆಂಡುಗಳು ಕಡಿಮೆ. ಗಿರಣಿಯವರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೂ ಆ ಕೈಗಳಿಗಾಗಿಯೇ.

ಗಿರಣಿ ತಂಡಗಳ ಫೈನಲ್ ದಿನ ಎಲ್ಲ ಕೆಟ್ಟಿತು. ಆಟ ಮುಗಿಯುವ ಹೊತ್ತಿಗೆ ಮಗುವೂ ಹಿಡಿಯಬಹುದಾಗಿದ್ದ ಒಂದು ಮೆತ್ತನೆ ಚೆಂಡು ಬಂತು. ಗೋಲಿ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಗಿ ಕಂಬಕ್ಕೆ ಬಡಿಯಿತು. ಗಡಬಡಿಸಿ ಎದ್ದವನು ಇನ್ನೊಂದು ಕಂಬಕ್ಕೆ ಹಣೆ ಚಚ್ಚಿಕೊಂಡ. ಕಣ್ಣು ಕತ್ತಲೆ ಬಂದು ಗಿರ್ರನೆ ಒಂದು ಸುತ್ತು ತಿರುಗಿದ. ಅಷ್ಟರಲ್ಲಿ ವಾಪಸು ಪುಟಿದು ಬಂದ ಚೆಂಡು ಅವನ ಕುಂಡೆಗೇ ಬಡಿದು ತಣ್ಣಗೆ ಒಳಗೆ ಉರುಳಿತು. ಮೈದಾನದ ತುಂಬ ನಗೆಯೋ ನಗೆ. ಎದುರು ತಂಡದವರು ನಕ್ಕಿದ್ದನ್ನು ಅವನು ಮರೆತಾನು. ತನ್ನ ಕಡೆಯವರೇ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದು ಮಾತ್ರ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು.

ಮರುವಾರವೇ ಅವನನ್ನು ತಂಡದಿಂದ ತೆಗೆದು ಹತ್ತಿ ಬಿಡಿಸುವ ಕೋಣೆಗೆ ಹಾಕಿದರು. ಅಲ್ಲಿ ಉಸಿರಾಡಿದರೆ ಮೂಗಿನಲ್ಲಿ ಹತ್ತಿ, ಕೆಮ್ಮಿದರೆ ಬಾಯಲ್ಲಿ ಹತ್ತಿ. ಅಂಥ ದಿನಗಳಲ್ಲಿ ಗಿರಣಿಯ ಗೇಟಿನ ಹೊರಗೆ ಒಬ್ಬ ಕನ್ನಡಕದ ಗೃಹಸ್ಥರು ಅವನನ್ನು ತಡೆದು ನಿಲ್ಲಿಸಿದರು. ಚಿತ್ರ ಬರೆದು ಸಿನಿಮಾ ಮಾಡುವ ಒಂದು ಸ್ಟುಡಿಯೋದ ನಿರ್ದೇಶಕರಂತೆ. ಥಿಯೇಟರಿನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ತೋರಿಸುವ ಚಿಕ್ಕ ಚಿಕ್ಕ ಕಾರ್ಟೂನ್ ಇವರದೇ.

“ಆವತ್ತು ಮೈದಾನದಲ್ಲಿ ಬಿದ್ದೆಯಲ್ಲ, ಅದನ್ನ ಇನ್ನೊಂದ್ಸಲ ಹಾಗೇ ಬೀಳೋಕಾಗುತ್ತಾ?”

ಗೋಲಿ ಕೈ ಎತ್ತಿಯೇಬಿಟ್ಟಿದ್ದ.

“ಅಯ್ಯೋ, ಗೇಲಿ ಅಲ್ಲ ಮಾರಾಯ! ಕೆಲಸ ಕೊಡ್ತೀನಿ ಅಂತ ಬಂದಿದ್ದು.”

ಹೀಗೆ ಬೀಳುವುದೇ ಅವನ ಕೆಲಸವಾಯಿತು. ಸ್ಟುಡಿಯೋದ ಹಿಂದೆ ತಗಡಿನ ಷೆಡ್ಡು, ನೆಲಕ್ಕೆ ಹಳೆಯ ಹಾಸಿಗೆಗಳು, ಗೋಡೆಯ ಪಕ್ಕ ಸಾಲಾಗಿ ಸ್ಟೂಲುಗಳು. ಸ್ಟೂಲಿನ ಮೇಲೆ ತೊಡೆಗೆ ಹಲಗೆ ಆನಿಸಿಕೊಂಡು, ಅವನು ಬೀಳುವುದನ್ನು ನೋಡಿ ಬರೆದುಕೊಳ್ಳುವ ಚಿತ್ರಕಾರರು. ಅವರ ಕಥಾನಾಯಕ ಚಡ್ಡಿ ತೊಟ್ಟ ಒಂದು ಒಂಟೆ. ಸಿಕ್ಕ ಸಿಕ್ಕ ಆಟವನ್ನೆಲ್ಲ ಆಡಲು ಹೋಗಿ ಎಡವುವುದೇ ಅದರ ಬದುಕು. ಒಂಟೆಗಾಗಿ ಗೋಲಿ ಟೆನಿಸ್ ಬ್ಯಾಟಿನ ಬಲೆಗೆ ತಲೆ ಸಿಕ್ಕಿಸಿಕೊಂಡ. ಕುಸ್ತಿಯಲ್ಲಿ ತನ್ನ ಕಾಲಿಗೆ ತಾನೇ ಪಟ್ಟು ಹಾಕಿಕೊಂಡ. ಓಟದಲ್ಲಿ ಷೂ ಮಾತ್ರ ಮುಂದೆ ಹೋಗಿ ತಾನು ಹಿಂದೆ ಉಳಿದ. ಕಾಗದದ ಮೇಲೆ ಒಂಟೆ ಚಪಾತಿಯಂತೆ ಚಪ್ಪಟೆಯಾಗಿ ಮರುಕ್ಷಣ ಪಟ್ಟನೆ ಎದ್ದು ನಿಲ್ಲುತ್ತಿತ್ತು. ಗೋಲಿ ಮಾತ್ರ ಮನೆಗೆ ಹೋಗಿ ಬೋರಲಾಗಿ ಮಲಗುತ್ತಿದ್ದ, ಹೆಂಡತಿ ಬಿಸಿನೀರಿನ ಬಟ್ಟೆಯಿಂದ ಬೆನ್ನಿಗೆ ಶಾಖ ಕೊಡುತ್ತಿದ್ದಳು.

“ಬೀಳೋ ಮುಂಚೆ ಗಾಳಿಯಲ್ಲಿ ಒಂದು ಕ್ಷಣ ನಿಂತು ನಮ್ಮ ಕಡೆ ನೋಡಯ್ಯಾ,” ಎನ್ನುತ್ತಿದ್ದರು ನಿರ್ದೇಶಕರು.

“ಗಾಳಿಯಲ್ಲಿ ಹೇಗೆ ನಿಲ್ಲಲಿ ಸಾರ್?”

“ಸರಿ, ನೋಡಾದರೂ ನೋಡು. ನಿಲ್ಲೋದನ್ನ ನಾವು ಬರ್ಕೋತೀವಿ.”

ಒಂಟೆ ಜನಕ್ಕೆ ಹಿಡಿಸಿತು. ಓಣಿಯ ಮಕ್ಕಳು ಅದರ ನಡಿಗೆ ನಡೆಯತೊಡಗಿದರು: ಕತ್ತು ಮುಂದೆ, ಮಂಡಿ ಹೊರಗೆ, ಒಂದು ಕಾಲು ಹಿಂದೆ ಎಳೆದುಕೊಂಡು. ಅದು ಬಿದ್ದು ಬಿದ್ದು ನೊಂದ ಗೋಲಿಯದೇ ನಡಿಗೆ ಎಂದು ಮಕ್ಕಳಿಗೇನು ಗೊತ್ತು? ಪರದೆಯ ಮೇಲೆ ಎಲ್ಲರ ಹೆಸರೂ ಬರುತ್ತಿತ್ತು, ಬಣ್ಣ ತುಂಬಿದವರದ್ದು ಕೂಡ. ಬಿದ್ದವನ ಹೆಸರು ಬರುತ್ತಿರಲಿಲ್ಲ.

ಅದನ್ನೂ ಅವನು ನುಂಗಿಕೊಂಡ. ಬಯಸಿದ್ದು ಒಂದೇ. ಒಂದು ದಿನ ಧೈರ್ಯ ಮಾಡಿ ನಿರ್ದೇಶಕರ ಕೋಣೆಗೆ ಹೋಗಿ ಕೇಳಿಯೇಬಿಟ್ಟ.

“ಸಾರ್, ಫುಟ್‌ಬಾಲ್ ಕಥೆ ಮಾಡ್ತಿದ್ದೀರಂತೆ. ಅದರಲ್ಲಿ ಒಂಟೆ ಒಂದೇ ಒಂದು ಚೆಂಡು ಹಿಡೀಲಿ ಸಾರ್. ಒಂದೇ ಒಂದು.”

ನಿರ್ದೇಶಕರು ಮೊದಲು ಕಣ್ಣರಳಿಸಿದರು. ಆಮೇಲೆ ಎದ್ದು ಬಂದು ಅವನ ಭುಜ ತಟ್ಟಿದರು. “ಹಿಡೀಲಿ ಕಣಯ್ಯಾ, ಹಿಡೀಲಿ!”

ಷೆಡ್ಡಿನಲ್ಲಿ ಆ ದಿನ ಗೋಲಿ ಹಾರಿದ್ದು ನಟನೆಯಲ್ಲ. ಮೇಲಿನ ಮೂಲೆಗೆ ಬಂದ ಚೆಂಡನ್ನು ಎರಡೂ ಕೈಯಲ್ಲಿ ಬಾಚಿ ಎದೆಗವಚಿಕೊಂಡು ನೆಲಕ್ಕೆ ಬಂದಾಗ ಪೆನ್ಸಿಲುಗಳ ಸದ್ದು ನಿಂತಿತು. ಚಿತ್ರಕಾರರು ಚಪ್ಪಾಳೆ ತಟ್ಟಿದರು. ಮನೆಗೆ ಹೋದವನೇ ಹೆಂಡತಿ ಮಗಳಿಬ್ಬರಿಗೂ ಹೇಳಿದ: “ನಾನು ಕೇಳಿದ್ದಕ್ಕೆ ಸಾರ್ ಒಪ್ಪಿದ್ದಾರೆ. ಈ ಸಲದ್ದು ನೀವು ನೋಡಲೇಬೇಕು.”

ಚಿತ್ರ ಬಿಡುಗಡೆಯಾದಾಗ ಮೂವರೂ ಮುಂದಿನ ಸಾಲಿನಲ್ಲೇ ಕೂತರು. ಪರದೆಯ ಮೇಲೆ ಒಂಟೆ ಹಾರಿತು. ಎಂಥ ಹಾರಾಟ! ಚೆಂಡು ಕೈಗೆ ಬಂತು. ಗೋಲಿಯ ಕಣ್ಣು ಹನಿಗೂಡಿತು. ಅಷ್ಟರಲ್ಲಿ ಒಂಟೆ ಖುಷಿ ತಡೆಯಲಾರದೆ ಚೆಂಡಿಗೆ ಮುತ್ತಿಟ್ಟಿತು, ಅದನ್ನು ಮಗುವಿನಂತೆ ಜೋಕಾಲಿ ಆಡಿಸಿತು, ಕುಣಿಯುತ್ತ ಕುಣಿಯುತ್ತ ಹಿಂದೆ ಹೆಜ್ಜೆಯಿಟ್ಟು ತನ್ನ ಗೋಲಿನೊಳಗೆ ತಾನೇ ಹೋಗಿ ಬಲೆಗೆ ಸುತ್ತಿಕೊಂಡು ಬಿತ್ತು. ಥಿಯೇಟರು ಹಾರಿಹೋಗುವ ಹಾಗೆ ನಗು. ಪಕ್ಕದಲ್ಲಿ ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. “ಅಪ್ಪಾ, ಎಷ್ಟು ಚೆನ್ನಾಗಿದೆ!”

ಹೆಂಡತಿ ನಗಲಿಲ್ಲ. ಅವನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನೀವು ಅವರ ಹತ್ರ ಕೇಳಿದ್ದು ಇದನ್ನೇನಾ?”

ಒಂಟೆಯ ಚಿತ್ರಗಳಲ್ಲೆಲ್ಲ ಅದೇ ಹೆಚ್ಚು ಓಡಿತು.

ಬಿಟ್ಟುಬಿಡಬಹುದಿತ್ತು. ಆದರೆ ಬೀಳುವುದನ್ನು ಬಿಟ್ಟರೆ ಹತ್ತಿಕೋಣೆ. ಕೋಲೂರಿ ಎತ್ತರ ಜಿಗಿಯುವ ಆಟದ ಚಿತ್ರಕ್ಕೆ ಏಣಿಯ ಮೇಲಿಂದ ಹಾರಿದಾಗ ಹಾಸಿಗೆ ಜಾರಿ ಅವನ ಸೊಂಟ ಮುರಿಯಿತು. ನಿರ್ದೇಶಕರು ಆಸ್ಪತ್ರೆಗೆ ಬಂದರು, ಬರಿಗೈಯಲ್ಲೇನೂ ಬರಲಿಲ್ಲ. ಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟು, ಸಮಾಧಾನ ಹೇಳುವವರ ದನಿಯಲ್ಲೇ ಹೇಳಿದರು: “ಏನೂ ಯೋಚನೆ ಮಾಡಬೇಡ. ನಿನ್ನ ಎಲ್ಲಾ ಬೀಳಾಟನೂ ನಮ್ಮ ಹತ್ರ ಬರೆದಿಟ್ಟಿದೆ. ನೀನಿಲ್ಲದೆ ಏನೂ ನಿಲ್ಲಲ್ಲ.”

ಆಮೇಲೆ ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನನ್ನು ಹಿಂತಿರುಗಿಸುವ ಕಿಟಕಿಯ ಹಿಂದೆ ಅವನಿಗೆ ಕೂತು ಮಾಡುವ ಕೆಲಸ ಸಿಕ್ಕಿತು. ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ ಹಲವು ವರ್ಷ ಕಳೆದ ಮೇಲೆ ಸ್ಟುಡಿಯೋದವರು ತಮ್ಮ ದೊಡ್ಡ ಸಮಾರಂಭಕ್ಕೆ ಕರೆದರು. ಕೂದಲು ಬೆಳ್ಳಗಾಗಿದ್ದ ನಿರ್ದೇಶಕರು ವೇದಿಕೆಯ ಪಕ್ಕ ಅವನ ಕೈ ಹಿಡಿದುಕೊಂಡರು.

“ಜನ ನಿನ್ನ ನೋಡಬೇಕು ಗೋಲಿ. ಸಣ್ಣದಾಗಿ ಒಂದು ಸಲ ಬೀಳು.”

“ಬೀಳಲ್ಲ ಸಾರ್.”

“ಹೋಗಲಿ, ಮೈಕಿನವರೆಗೆ ನಡೆದು ಎರಡು ಮಾತಾಡು.”

ಅದಕ್ಕೆ ಅವನು ಒಪ್ಪಿದ. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಕೋಟಿನ ಗುಂಡಿ ಹಾಕಿಕೊಂಡ. ಊರುಗೋಲನ್ನು ಕುರ್ಚಿಗೆ ಒರಗಿಸಿ, ನೆಟ್ಟಗೆ ನಡೆಯಬೇಕೆಂದು ಹಲ್ಲು ಕಚ್ಚಿ ಬೆಳಕಿಗೆ ಬಂದ. ಕತ್ತು ಮುಂದೆ, ಮಂಡಿ ಹೊರಗೆ, ಒಂದು ಕಾಲು ಹಿಂದೆ ಎಳೆಯುತ್ತಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸಭೆ ಗೊಳ್ಳೆಂದು ನಕ್ಕಿತು. ಮೈಕಿನ ಮುಂದೆ ನಿಂತು ನಗು ಇಳಿಯಲೆಂದು ಕಾದ.

“ಇದು ನಟನೆ ಅಲ್ಲ,” ಎಂದ. “ನನ್ನ ಸೊಂಟ ಮುರಿದಿದೆ.”

ಮುಂದಿನ ಸಾಲಿನವರು ತೊಡೆ ತಟ್ಟಿಕೊಂಡು ನಕ್ಕರು. ಹಿಂದಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಬಂದ ದಾರಿಯಲ್ಲೇ ವಾಪಸು ನಡೆಯುವುದು ಬಿಟ್ಟು ಅವನಿಗೆ ಬೇರೆ ಗತಿ ಇರಲಿಲ್ಲ.

“ಹೇಗಾಯ್ತು?” ಎಂದಳು ಹೆಂಡತಿ, ಬಾಗಿಲು ತೆಗೆಯುತ್ತ.

“ಎಲ್ಲರಿಗೂ ತುಂಬಾ ಇಷ್ಟ ಆಯ್ತು,” ಎಂದು ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟ.

ಮಾರನೆಯ ದಿನದಿಂದ ಅವನು ಡಿಪೋಗೆ ಎಲ್ಲರಿಗಿಂತ ಮೊದಲು ಬಂದು ಕಿಟಕಿಯ ಹಿಂದೆ ಕೂರುತ್ತಿದ್ದ, ಎಲ್ಲರೂ ಹೋದ ಮೇಲೆ ಏಳುತ್ತಿದ್ದ. ನಡೆಯುವಾಗ ಅವನನ್ನು ಅಲ್ಲಿ ಯಾರೂ ನೋಡಿದವರಿಲ್ಲ. ಎಂಥ ನಿಷ್ಠೆಯ ಮನುಷ್ಯ ಎಂದು ಡಿಪೋದ ಮ್ಯಾನೇಜರು ಹೊಸಬರಿಗೆಲ್ಲ ಅವನನ್ನು ತೋರಿಸಿ ಹೇಳುತ್ತಿದ್ದರು.