ಭೋರಿನ ಮನೆಯ ಹಿತ್ತಲ ಬಾಗಿಲು

ಭೋರ್ ಎಂಬ ಊರಿನ ಹತ್ತಿರದ ನಮ್ಮ ಮನೆ ಇನ್ನೂ ಕಾಗದದ ಮೇಲಿದ್ದಾಗಿನ ಮಾತು ಇದು, ಮಕ್ಕಳೇ. ನಿಮ್ಮಪ್ಪ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಹಳ್ಳಿಮನೆಗಳಿಗೆ ಮನಸೋತು ಬಂದಿದ್ದರು. ಕಡಿದಾದ ಛಾವಣಿ, ದಪ್ಪ ಕಲ್ಲಿನ ಗೋಡೆ, ಹೊಗೆಗೂಡು. ನಕ್ಷೆ ತೆಗೆಯುವ ಹುಡುಗಿ ಧಾರವಾಡದವಳು. ಅವಳು ಎಲ್ಲವನ್ನೂ ಇಲ್ಲಿಯ ನೆಲಕ್ಕೆ ಒಗ್ಗಿಸಿದಳು. ಕಲ್ಲು ಇಲ್ಲಿಯದೇ ಕರಿಕಲ್ಲು, ಸಿಮೆಂಟಿನ ಬದಲು ಸುಣ್ಣದ ಗಾರೆ, ಕೆಡವಿದ ಹಳೆಯ ವಾಡೆಯ ಮನೆಯಿಂದ ತಂದ ತೇಗದ ತೊಲೆಗಳು. ಹೊಗೆಗೂಡಿನಲ್ಲಿ ಹೊಗೆಯಿಲ್ಲ; ಒಳಗಿನ ಬಿಸಿಗಾಳಿ ಅದರಿಂದ ಮೇಲೇರಿ ಹೋಗಬೇಕು. ಮಳೆನೀರೆಲ್ಲ ತೊಟ್ಟಿಗೆ.

ಎಲ್ಲ ಚೆನ್ನಾಗಿತ್ತು. ಆದರೆ ಮನೆಗೆ ಒಂದೇ ಬಾಗಿಲು, ಮುಂದಿನದು.

ನಿಮ್ಮಜ್ಜ ಹೋದ ಮೇಲೆ ನಾನು ನನ್ನ ಮಗಳ, ಅಂದರೆ ನಿಮ್ಮವ್ವನ, ಸದಾಶಿವ ಪೇಠದ ಫ್ಲ್ಯಾಟಿಗೆ ಬಂದೆ. ಅಲ್ಲಿಯೂ ಒಂದೇ ಬಾಗಿಲು. ಹೊರಗಿನವರು ಬಂದು ಕುಳಿತರೆ ಅವರ ಎದುರಿಗೇ ಹಾಯ್ದು ಹೋಗಬೇಕು. ನನಗೆ ಅದಾಗದು. ಅವರು ಏಳುವವರೆಗೆ ಅಡುಗೆಮನೆಯಲ್ಲೇ ಉಳಿಯುತ್ತಿದ್ದೆ. ಹೊಸ ಮನೆಯಲ್ಲೂ ಗಿಡ, ಮಣ್ಣು ಎಲ್ಲ ಕಿಟಕಿಯಿಂದಲೇ ನೋಡುವುದಾಯಿತು ಎಂದು ಎದೆ ಭಾರವಾಗಿತ್ತು. ಹೇಳುವುದು ಹೇಗೆ? ನಮ್ಮಲ್ಲಿ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಅದೂ ಅವರು ಅಷ್ಟು ಆಸೆಪಟ್ಟು ಮಾಡಿಸಿದ ನಕ್ಷೆ.

ಒಂದು ಬೆಳಿಗ್ಗೆ ಆ ಹುಡುಗಿ ನಮ್ಮನ್ನು ಜಾಗಕ್ಕೆ ಕರೆಸಿದಳು. ನೆಲದ ಮೇಲೆ ಸುಣ್ಣದ ಪುಡಿಯಿಂದ ಇಡೀ ಮನೆಯ ಗೆರೆ ಹಾಕಿಸಿದ್ದಳು. 'ಮನಿ ಕಟ್ಟೇದ ಅಂತ ತಿಳಕೊಂಡು ಅಡ್ಡಾಡ್ರಿ' ಎಂದಳು.

ನಿಮ್ಮವ್ವ ಪಡಸಾಲೆಯ ಗೆರೆಯೊಳಗೆ ಕುಳಿತು, 'ಅವ್ವಾ, ಪಾವಣ್ಯಾರು ಬಂದಾರ, ಚಹಾ ತಾ!' ಎಂದು ನೆಂಟರು ಬಂದ ಆಟ ಹೂಡಿದಳು. ನಾನು ಅಡುಗೆಮನೆಯ ಗೆರೆಯೊಳಗೆ ನಿಂತು ಥರ್ಮಾಸಿನಿಂದ ಚಹಾ ಸುರಿದು ಕೊಟ್ಟೆ. ಕುಡಿದಾದ ಮೇಲೆ ಲೋಟಗಳನ್ನು ಒಟ್ಟುಮಾಡಿ, ತೊಳೆಯಲೆಂದು ಜಾಗದ ಹಿಂಬದಿಯಲ್ಲಿದ್ದ ಬಾವಿಯ ಕಡೆ ನಡೆದೆ.

'ಅಯ್ಯ ಅಜ್ಜಿ! ಗ್ವಾಡಿ ಹಾದು ಹೊಂಟ್ರೆಲ್ರಿ!' ಹುಡುಗಿ ಕೂಗಿದಳು.

ಎಲ್ಲರೂ ನಕ್ಕರು. ಸುಣ್ಣದ ಗೆರೆ ನನ್ನ ಕಾಲಿಗೆ ಸಿಕ್ಕು ಅಳಿಸಿಹೋಗಿತ್ತು. ಸೆರಗು ಎಳೆದುಕೊಂಡೆ. 'ತಪ್ಪಾತವಾ. ಮುಸುರಿ ಹಿಡಕೊಂಡು ಮುಂದಿನ ಬಾಗಲದಾಗ ಹೆಂಗ ಹೋಗೂದು...'

'ಇಷ್ಟ ದಿನ ಬಾಯಾಗ ಏನಿಟ್ಟಿದ್ದೀ ಅವ್ವಾ?' ಎಂದಳು ನಿಮ್ಮವ್ವ.

ನಿಮ್ಮಪ್ಪ ತಲೆ ಕೆರೆದುಕೊಂಡರು. 'ಇಂಗ್ಲೆಂಡಿನ ಮನಿಗೋಳಿಗೂ ಅಡಿಗಿಮನಿಯಿಂದ ತ್ವಾಟಕ್ಕ ಬಾಗಿಲ ಇರತದರಿ. ನನಗ ಬರೇ ಹೊಗಿಗೂಡ ನೆನಪುಳೀತು ನೋಡ್ರಿ.'

ಹುಡುಗಿ ಕುಕ್ಕರಗಾಲಲ್ಲಿ ಕುಳಿತು ಅಳಿಸಿದ ಗೆರೆಯನ್ನು ಕೈಯಿಂದ ಇನ್ನಷ್ಟು ಒರೆಸಿದಳು. 'ಎಷ್ಟ ಅಗಲ ಬೇಕ್ರಿ, ಅಜ್ಜಿ?'

ಅಳಿಯ ಎದುರಿಗೇ ಇದ್ದರು. ತಲೆ ಎತ್ತದೆ ಹೇಳಿದೆ: 'ಕಾಯಿಪಲ್ಯದ ಬುಟ್ಟಿ ಹಿಡಕೊಂಡು ಹಾಯುವಷ್ಟಾದ್ರ ಸಾಕ್ರಿ.'

ಎಷ್ಟೋ ದಿನ ಕಟ್ಟಿದ್ದ ಉಸಿರು ಆಗ ಬಿಟ್ಟೆ.