ಕೊನೆಯ ಸುತ್ತಿನಲ್ಲಿ ನನ್ನ ಮೊಮ್ಮಗಳು

ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗಿಗೆ ತಂಡಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸುವಾಗ, ನಮ್ಮ ಜಿಲ್ಲೆಯ ತಂಡ ಕೊನೆಯ ಸುತ್ತಿನಲ್ಲಿ ನನ್ನ ಮೊಮ್ಮಗಳನ್ನು ತೆಗೆದುಕೊಂಡಿತು. ಬೆಳಿಗ್ಗೆ ಅವಳೇ ಫೋನ್ ಮಾಡಿ ಹೇಳಿದಳು. ನನಗೆ ಕುಣಿಯುವಷ್ಟು ಖುಷಿ. ಸಿಂಗಟಗೆರೆಯ ಮನೆಯಲ್ಲಿ ಸುದ್ದಿ ಕೇಳಲು ಯಜಮಾನರೂ ಇರಲಿಲ್ಲ, ತೀರಿಕೊಂಡು ವರ್ಷವಾಗಿದೆ. ಸಿಕ್ಕವರಿಗೆ ಹೇಳಿ ಹಂಚೋಣವೆಂದು ಸಕ್ಕರೆ ಪೊಟ್ಟಣ ಹಿಡಿದು ಕಡೂರಿನ ಬಸ್ ಹತ್ತಿಬಿಟ್ಟೆ.

ಅಲ್ಲಿನ ಬಸ್ ನಿಲ್ದಾಣದಲ್ಲಿ ಇಬ್ಬರು ಗೆಳೆಯರು ಫೋನಿನಲ್ಲಿ ಅವಳ ಆಟವನ್ನೇ ನೋಡುತ್ತಿದ್ದರು.

"ಇವಳನ್ಯಾಕೋ ತಗೊಂಡ್ರು? ಗೋಲ್‌ಕೀಪರ್ ಅಂತೆ, ಚೆಂಡನ್ನ ಮಗೂನ ಎತ್ಕೊಂಡಂಗೆ ಹಿಡೀತಾಳೆ!"

"ಲೇ, ಕೈ ಜಾರಲ್ಲ ನೋಡೋ. ಅಷ್ಟು ಸಾಕಲ್ವಾ?"

ನನಗೆ ತಡೆಯಲಾಗಲಿಲ್ಲ. "ಅದು ತೆಂಗಿನಕಾಯಿ ಹಿಡಿಯೋ ರೀತಿ ಕಣ್ರಪ್ಪಾ! ಲಾರಿಗೆ ತುಂಬುವಾಗ ನಾನು ಕೆಳಗಿಂದ ಎಸೀತಿದ್ದೆ, ಅವಳು ಮೇಲೆ ನಿಂತು ಹಿಡೀತಿದ್ಲು. ಎದೆಗೆ ತಗೊಂಡು ಹಿಂದಕ್ಕೆ ವಾಲಬೇಕು, ಇಲ್ದಿದ್ರೆ ಬೆರಳು ಮುರೀತವೆ. ನನ್ನ ಮೊಮ್ಮಗಳು ಕಣ್ರೋ!"

"ನಿಜಾನಾ ಅಜ್ಜೀ?" ಎಂದ ಒಬ್ಬ. ಇಬ್ಬರಿಗೂ ಸಕ್ಕರೆ ಕೊಟ್ಟೆ. ಮೊದಲನೆಯವನು ಬೆರಳು ನೆಕ್ಕುತ್ತಾ, "ಆದ್ರೂ ಗೋಲ್ ಹೊಡೆಯೋಳ್ನ ತಗೋಬೇಕಿತ್ತು ಬಿಡಜ್ಜಿ" ಎಂದ. ಅಷ್ಟರಲ್ಲಿ ತರೀಕೆರೆ ಬಸ್ ಬಂತು. ವಾದ ಮಾಡುತ್ತಲೇ ಓಡಿ ಹತ್ತಿದರು.

ಮೊದಲ ಸಲ ಕಾಯಿ ಕೈಗೆ ಸಿಕ್ಕಾಗ ಅವಳು ಖುಷಿಯಿಂದ ಕೂಗಿಕೊಂಡ ಸಂಗತಿ ಹೇಳುವುದಿತ್ತು. ಬಾಯಲ್ಲೇ ಉಳಿಯಿತು. ಬೆಂಚಿನ ಮೇಲಿದ್ದವರಿಗೆಲ್ಲ ಸಕ್ಕರೆ ಹಂಚಿದೆ. ಎಲ್ಲರೂ ತಿಂದರು, ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮ್ಮೂರಿನ ಬಸ್ಸನ್ನೂ ಬಿಟ್ಟು ಹೇಳುತ್ತಿದ್ದೆ.